ಸಹಿಗೆ ಐನೂರು

ಬೆಟಗೇರಿಯ ಮಗ್ಗದ ಮನ್ಯಾಗ ಮೊದಲನೇ ಬೋರ್ಡು ಹಾಕಿದಾಗ
ನನಗ ಹದಿನೇಳು.
ಲಾಳಿ ಸಪ್ಪಳಕ್ಕ ಸ್ಕ್ರೂ ತಾನs ಸಡಿಲಾಗ್ತಿತ್ತು,
ಬಿಗೀತಿದ್ನಿ, ಮತ್ತ ಸಡಿಲಾಗ್ತಿತ್ತು.
ಕೆಲಸ ಕಲಿಸಿದ್ದು ಯಾವ ಸಾಲಿನೂ ಅಲ್ಲ,
ಮೊಣಕೈ ತನಕಾ ಹತ್ತಿದ ಒಂದು ಝಟಕಾ.

ಈಗ ಮೂವತ್ತಾರು. ಗಿಲಾವಿನ ಒಳಗ ಪೈಪು ಎಲ್ಲಿ ಬಾಗೇತಿ
ಗೋಡಿ ತಟ್ಟಿ ಹೇಳ್ತೀನಿ.
ಆದ್ರ ಮೀಟರು ಬರಬೇಕಂದ್ರ ಹೆಸ್ಕಾಂನ್ಯಾಗ
ನನ್ನ ಕೈ ನಡ್ಯೂದಿಲ್ಲ,
ನಡ್ಯೂದು ಕುಬೇರಪ್ಪ ಹೂಗಾರನ ಸಹಿ.

ಎರಡೂ ಕಣ್ಣಾಗ ಪೊರಿ. ಬಂಡಿಯ ಒಳಗಿಸೇದಾಗ
ಪ್ಲಾಸ್ಟಿಕ್ ಹಾಳಿಯೊಳಗ ಮಡಚಿದ ಲೈಸನ್ಸು,
ಕರವಸ್ತ್ರದಾಗ ಗಂಟು ಕಟ್ಟಿದ ಶಿಕ್ಕಾ.
ಒಂದು ಸಹಿಗೆ ಐನೂರು, ಮ್ಯಾಲೆ ಅರ್ಧಾ ಚಾ.
ಮೂರು ದಿನ ಗೋಡಿ ಕಡದಾಂವ ನಾನು,
ಮೂರು ನಿಮಿಷ ಕುಂತು ಹೋಗಾಂವ ಆಂವ. ಸಿಟ್ಟು ಇರ್ತಿತ್ತು.

ನನಗ ರೊಕ್ಕ ಕೈಯಾಗs ಬರ್ತಿತ್ತು,
ಬಾಗಲಕ್ಕ ಬೆನ್ನು ಹಚ್ಚಿ ಎಣಿಸಿ ಕೊಡ್ತಿದ್ರು:
"ಚೀಟಿ ಗೀಟಿ ಯಾಕೋ, ನಮ್ಮ ನಿಮ್ಮ ನಡುವ?"
ನನಗೂ ಬ್ಯಾಡಾಗಿತ್ತು.
ರೊಕ್ಕಕ್ಕ ಬಾಯಿಲ್ಲ, ಅದs ಚಲೋ ಅನಸ್ತಿತ್ತು.

ಹಾತಲಗೇರಿ ನಾಕಾದ ಹಿಂದ ಮೂರು ಮಾಳಿಗಿ ಮನಿ.
ಅರ್ಥಿಂಗಿಗೆ ಹೋಗಬೇಕಾದ ರೊಕ್ಕ
ಗೇಟಿನ ಮ್ಯಾಲಿನ ಸಿಂಹಕ್ಕ ಹೋತು.
ನಾನೂ ಹೂಂ ಅಂದ್ನಿ. ಗುಂಡ್ಯಾಗ ಒಂದು ಸಳಿ ಚುಚ್ಚಿ
ಮ್ಯಾಲೆ ಚಂದನ ಸಿಮೆಂಟ್ ಮುಚ್ಚಳ.
ಮುದುಕಗ ಏನ್ ಕಾಣತೈತಿ?

ಆಂವ ಬಂದ. ಚಾ ಬ್ಯಾಡಂದ.
ತಡವರಿಸಿ ಕುಂತು, ಮುಚ್ಚಳ ಸರಿಸಿ,
ಚಿಟಿಗಿ ಮಣ್ಣು ನಾಲಿಗಿ ಮ್ಯಾಲೆ ಇಟಗೊಂಡ.
ಉಗುಳಿದ.
"ದಾವಲಾ, ಉಪ್ಪು ತಿಂದ ಮನಿಗೆ ಎರಡು ಬಗೀಬಾರದಂತಾರ.
ಈ ಮನೀನs ಇನ್ನೂ ಉಪ್ಪು ತಿಂದಿಲ್ಲಲ್ಲೋ."
ಶಿಕ್ಕಾ ತಿರುಗಿ ಗಂಟು ಕಟ್ಟಿದ.

ಹುಬ್ಬಳ್ಳಿಯಿಂದ ಮತ್ತೊಬ್ಬನ ಸಹಿ ಬಂತು, ಎಂಟುನೂರಕ್ಕ,
ಮನಷ್ಯಾ ಬರಲಿಲ್ಲ, ಹಾಳಿ ಅಷ್ಟ ಬಂತು.
ನಾಕು ದಿನದಾಗ ಮೀಟರು.

ಕುಬೇರಪ್ಪನ ಲೈಸನ್ಸು ಆ ವರ್ಷ ರಿನೂ ಆಗಲಿಲ್ಲ.
"ನೀನs ಪರೀಕ್ಷಾ ಕಟ್ಟು," ಅಂದ.
ಫಾರ್ಮು ಕೇಳತು: ಅನುಭವ ಎಷ್ಟು, ಪುರಾವೆ ಏನು?
ಹತ್ತೊಂಬತ್ತು ವರ್ಷದ ಮನಿ ಮನಿ ತಿರಗಿದ್ನಿ.
ಒಬ್ರು ನಾ ಜೋಡಿಸಿದ ಫ್ಯಾನಿನ ಕೆಳಗ ಕುಂಡ್ರಿಸಿ,
ಸ್ವಿಚ್ಚು ಒತ್ತಿ, ಗಾಳಿ ಬಿಟ್ಟು ಹೇಳಿದ್ರು:
"ನೀ ಇಲ್ಲಿ ಕೆಲಸ ಮಾಡಿದ್ದು ಕಾಗದದಾಗ ಎಲ್ಲೈತಿ?"

ಹೋದ ವಾರ ಹಳೇ ಜಿನ್ನಿನ ಹಿಂದಿನ ಮನ್ಯಾಗ
ಸುಟ್ಟ ಬೋರ್ಡು ಬಿಚ್ಚಾಕ ಕರದ್ರು.
ಸಾಗವಾನಿ ಹಲಗಿ, ಹಿತ್ತಾಳಿ ಸ್ಕ್ರೂ,
ಎಲ್ಲಾ ಸ್ಕ್ರೂವಿನ ಗೀಟು ಒಂದs ದಿಕ್ಕಿಗೆ ನಿಂತಿದ್ವು.
ಹಲಗಿ ಹಿಂದ ಹಲ್ಲಿ ತತ್ತಿ, ಅದರ ಬಾಜೂಕ ಪೆನ್ಸಿಲ್ ಅಕ್ಷರ:
ಕು. ಹೂ. ೧೯೮೭. ಉಪ್ಪು ಎಂಟು ಸೇರು.
ಆವಾಗಿನ್ನೂ ಕೆಇಬಿ. ನಾ ಇನ್ನೂ ಹುಟ್ಟಿರಲಿಲ್ಲ.
ಟೆಸ್ಟ್ ಬಲ್ಬು ಅರ್ಥಿಂಗಿಗೆ ಹಚ್ಚಿ ನೋಡಿದ್ನಿ,
ತುಂಬು ಉರೀತು.

ಯಾಕೋ ಆ ಸಿಂಹದ ಮನಿ ನೆನಪಾತು.
ಅಲ್ಲಿ ಗೀಸರ್ ಐತಿ, ತಡ ಮಾಡಿ ಹುಟ್ಟಿದ ಒಂದು ಕೂಸೈತಿ.

ಮುಂಜಾನೆ ಒಂದು ಚೀಲ ಹರಳುಪ್ಪು,
ಇಸ್ತ್ರಿಯಾತನ ಹಂತ್ಯಾಕ ಇದ್ದಿಲಾ, ರೊಕ್ಕ ಕೊಟ್ಟು,
ಹೋಗಿ ಅಗ್ಯಾಕ ಹತ್ತಿದ್ನಿ.
ಮನಿಯಾಕಿ ಹೊರಗ ಬಂದ್ಳು, ಕೂಸು ಸೊಂಟದಾಗ:
"ಇದಕ್ಕೆಷ್ಟು ಕೊಡಬೇಕು?"
ರೊಕ್ಕ ಬ್ಯಾಡ್ರಿ ಅಕ್ಕಾರ. ಒಂದು ಚೀಟಿ ಬರಕೊಡ್ರಿ,
ಇಂಥಾ ದಿನ, ಇಂಥಾತ, ಇಲ್ಲಿ ಉಪ್ಪು ಹಾಕಿದ ಅಂತ.

ಆಕಿ ನನ್ನ ಮಾರಿ ನೋಡಿದ್ಳು, ಗುಂಡಿ ನೋಡಿದ್ಳು,
ಪೆನ್ನು ಹುಡುಕಾಕ ಒಳಗ ಹೋದ್ಳು.
ಇನ್ನೂ ಒಂದು ಮೊಳ ಅಗೀಬೇಕಿತ್ತು.