ಹಿಂದೆ ಸರಿಯುವ ಕೆಲಸ

ಅದೇನು ಕೆಲಸವೇ ನಿಂದು, ಎಂದು ಫೋನಿನಲ್ಲಿ ಅಮ್ಮ ಕೇಳಿದಾಗ
ಹಿಂದೆ ಸರಿಯುವುದು ಅಂದೆ.
ವಾರಕ್ಕೊಂದು ಹೆಜ್ಜೆ.
ಅದಕ್ಕೂ ಸಂಬಳ ಕೊಡ್ತಾರಾ, ಅಂತ ನಕ್ಕಳು.

ಕೊಡುತ್ತಾರೆ. ಲಾನ್ಸೆಸ್ಟನ್ನಿನ ಆಸ್ಪತ್ರೆಯ ಲಾಂಡ್ರಿ,
ಹೊರಗೆ ಜುಲೈ ತಿಂಗಳ ಚಳಿ,
ಒಳಗೆ ಕಡುಬಿನ ಪಾತ್ರೆಯ ಮುಚ್ಚಳ ತೆಗೆದಂಥ ಹಬೆ.
ಟೀಗನ್‌ಗೆ ಹತ್ತೊಂಬತ್ತು. ಶಾಲೆ ಮುಗಿದು ಏಳು ತಿಂಗಳು.
ಅಲ್ಲಿ ಬೆಲ್ಲು ಹೊಡೆದರೆ ಯಾರೋ ಕೈ ಹಿಡಿಯುತ್ತಿದ್ದರು,
ಬಿಳಿ ಬಸ್ಸು ಮನೆ ಬಾಗಿಲಿಗೇ ಬರುತ್ತಿತ್ತು,
ಗೋಡೆ ತುಂಬ ಅವಳದೇ ಬಣ್ಣದ ಕೈಯಚ್ಚು.
ಇಲ್ಲಿ ಬೆಲ್ಲಿಲ್ಲ. ಟವೆಲುಗಳಿವೆ.

ಮೊದಲ ವಾರ ಅವಳ ಭುಜಕ್ಕೆ ನನ್ನ ಭುಜ.
ಮಡಚು, ಇನ್ನೊಮ್ಮೆ ಮಡಚು, ಲೇಬಲ್ಲು ಒಳಕ್ಕೆ.
ಮೇಜಿನ ಮೇಲೆ ಸಾಲಾಗಿ ಏಳು ಚಿತ್ರ ಅಂಟಿಸಿದ್ದೆ,
ಏಳನೆಯದು ಒಂದು ಕಪ್ಪು ಚಹಾ.
ಅವಳು ಮೊದಲು ಅದನ್ನೇ ಮುಗಿಸಿ ಬಂದಳು.
ತಪ್ಪು ಅನ್ನಲು ಬಾಯಿ ಬರಲಿಲ್ಲ.

ಮೂರನೆಯ ವಾರ ನಾನು ಎರಡು ಮಾರು ದೂರ,
ಕೈಕಟ್ಟಿ ನಿಂತಿದ್ದೆ. ಬಿಟ್ಟರೆ ತಾನಾಗಿ
ಸಹಾಯಕ್ಕೆ ಓಡುವ ಕೈ ನನ್ನದು, ಬುದ್ಧಿಯಿಲ್ಲ ಅದಕ್ಕೆ.

ಅವಳೊಬ್ಬಳೇ ಬಸ್ಸಿನಲ್ಲಿ ಬರಬೇಕಾದ ದಿನ
ನದಿಯ ಮಂಜು ಊರ ಮೇಲೆ ಕೂತುಬಿಟ್ಟಿತ್ತು.
ಮೌಬ್ರೇಯಿಂದ ಹೊರಟ ಬಸ್ಸು, ಬಸ್ಸಿನ ಹಿಂದೆ ಅವಳಪ್ಪನ ಕಾರು
(ದಿಮ್ಮಿ ಹೊರುವ ಅವನ ಲಾರಿಗೆ ಅಂದು ರಜಾ),
ಅವನಿಗೆ ತಿಳಿಯದ ಹಾಗೆ ಅವನ ಹಿಂದೆ ನಾನು.
ಒಳ್ಳೆ ಮೆರವಣಿಗೆ!
ಹಿಂದಿನ ಸೀಟಿನ ಗಾಜು ಒರೆಸಿ
ನಮ್ಮಿಬ್ಬರನ್ನೂ ನೋಡಿದಳು.
ಕೈ ಬೀಸಲಿಲ್ಲ. ಮುಂದೆ ತಿರುಗಿ ಕೂತಳು.

ಡ್ರೈಯರು ಮೊದಲ ಸಲ ಚೀರಿದಾಗ
ಬೆಡ್‌ಶೀಟಿನ ಗಾಡಿಯೊಳಗೆ ಅಡಗಿಕೊಂಡಿದ್ದಳು.
ಅದಕ್ಕೆ ನನ್ನ ಫೈಲಿನಲ್ಲಿ ನಾಲ್ಕು ಪುಟದ ಉಪಾಯವಿತ್ತು.
ಡೆಸ್ಪಿನಾ, ಮೂವತ್ತು ವರ್ಷ ಇದೇ ಹಬೆಯಲ್ಲಿ ಬೆಂದವಳು,
ಫೈಲು ಮುಟ್ಟಿದವಳಲ್ಲ. ಮಾರನೆಯ ದಿನದಿಂದ
ಅದು ಚೀರುವ ಒಂದು ಗಳಿಗೆ ಮೊದಲು
ಟೀಗನ್ ಮುಂದೆ ಬಂದು ಅಂಗೈ ಅಗಲಿಸಿ ನಿಲ್ಲುತ್ತಾಳೆ.
ಟೀಗನ್ ಕಿವಿ ಮುಚ್ಚುತ್ತಾಳೆ.
ಕೂಗು ಬರುತ್ತದೆ, ಹೋಗುತ್ತದೆ.
ಅಷ್ಟೇ.
ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಆಮೇಲೆ ಸ್ಟಾಪ್‌ವಾಚು ಹಿಡಿದು ಬಂದವನೊಬ್ಬ.
ಮಿಕ್ಕವರು ಗಂಟೆಗೆ ನೂರಾ ಎಂಬತ್ತು, ಇವಳು ನೂರಾ ಹನ್ನೆರಡು.
ಭಾಗಿಸಿದ. ಸಭ್ಯ ಮನುಷ್ಯ,
ಪೆನ್ನಿಗೆ ಮುಚ್ಚಳ ಹಾಕಿ, ಥ್ಯಾಂಕ್ಸ್ ಹೇಳಿ ಹೋದ.
ಅಂದಿನಿಂದ ಇವಳ ಡಾಲರಿಗೆ ಅರವತ್ತೆರಡು ಸೆಂಟು.
ಅಂಗಡಿಯಲ್ಲಿ ಹಾಲಿಗೆ, ಹೊಸ ಬೂಟಿಗೆ
ಅವಳು ಎಣಿಸಿ ಕೊಡುವ ಡಾಲರು ಮಾತ್ರ
ನೂರಕ್ಕೆ ನೂರು.
ಈ ಲೆಕ್ಕ ಹೇಳಿಕೊಡಲು ನನ್ನಲ್ಲಿ ಚಿತ್ರವಿರಲಿಲ್ಲ.
ಮೊದಲ ಸಂಬಳದ ಚೀಟಿಯನ್ನು ಅವಳು
ಮಡಚಿ, ಇನ್ನೊಮ್ಮೆ ಮಡಚಿ,
ಹೆಸರು ಒಳಕ್ಕೆ ಬರುವಂತೆ
ಜೇಬಿಗಿಟ್ಟಳು.

ಒಂಬತ್ತನೆಯ ವಾರ ಕ್ಯಾಂಟೀನಿನ ಕಿಟಕಿ.
ಹನ್ನೊಂದಕ್ಕೆ ಕಾರ್ ಪಾರ್ಕು, ಹೀಟರು ಹಾಕಿಕೊಂಡು ಸುಮ್ಮನೆ ಕೂತೆ.
ಇನ್ನು ಹಿಂದೆ ಸರಿಯಲು ಜಾಗವಿಲ್ಲ.

ನಮ್ಮಲ್ಲಿ ಹೋಗುವಾಗಲೂ ಬರ್ತೇನೆ ಅನ್ನುತ್ತೇವೆ.
ಈ ಕೆಲಸದಲ್ಲಿ ಹಾಗನ್ನುವಂತಿಲ್ಲ.
ಏನೆನ್ನಲಿ ಎಂದು ತಿಳಿಯದೆ
ಕೊನೆಯ ಶುಕ್ರವಾರ ಒಳಗೆ ಹೋದೆ.

ಬಾಗಿಲ ಬಳಿ ನೆಲಕ್ಕೆ ಬಳಿದ ಹಳದಿ ಗೆರೆ.
ಟೀಗನ್ ಕೈಯಲ್ಲಿ ಟವೆಲು ಅರ್ಧ ಮಡಚಿತ್ತು.
ತಲೆಯೆತ್ತದೆ, ಗದ್ದದಿಂದಲೇ ಗೆರೆ ತೋರಿಸಿದಳು,
ಹೊರಗಿನವರು ಅಲ್ಲೇ ನಿಲ್ಲಬೇಕು.

ನಿಂತೆ.
ಹಬೆ ಬಂದು ಕನ್ನಡಕ ಮುಚ್ಚಿತು.
ಒರೆಸಿ ಹಾಕಿಕೊಳ್ಳುವಷ್ಟರಲ್ಲಿ
ಡೆಸ್ಪಿನಾ ಅಂಗೈ ಅಗಲಿಸಿ ನಿಂತಿದ್ದಳು.
ನಾನೂ ಕಿವಿ ಮುಚ್ಚಿಕೊಂಡೆ.