ಸಣ್ಣಗ ಬೀಸ್ರಿ

ಮ್ಯಾಲಿನ ಖೋಲಿಗೆ ಬಾಡಿಗಿ ಬಂದಾಗ
ಅಕಿ ಹೆಸರು ಅಗ್ನ್ಯೆಶ್ಕಾ, ಊರು ಪೋಲಂಡದಾಗ ಎಲ್ಲೋ.
ಸಪ್ತಾಪುರದ ಬಾಯಿಗೆ ಅದು ಒಗ್ಗಲಿಲ್ಲ,
ಮೂರನೇ ದಿನಕ್ಕ ಅಗ್ನವ್ವ ಆದಳು.

ಬರೂವಾಗ ಕನ್ನಡ ತಂದಿದ್ದಳು, ಇಸ್ತ್ರಿ ಹೊಡದದ್ದು.
'ನಾನು ನೀರನ್ನು ಕುಡಿಯಲು ಬಯಸುತ್ತೇನೆ.'
ನೀರು ಕೊಟ್ಟೆ, ನಗು ತಡಕೊಂಡೆ.
ಬಾಜೂ ಮನಿ ಕಲ್ಲವ್ವ ತಡಕೊಳ್ಳಲಿಲ್ಲ:
'ಇದೇನಬೇ, ರೇಡಿಯೋ ಹಚ್ಚೀಯೇನು?'

'ರೀ' ಅನ್ನೂದೊಂದು ಕಲಿಸಿದೆ. ಅದ ತಪ್ಪಾತು.
ನಾಯಿಗೆ ಬರ್ರಿ, ನಳಕ್ಕ ನಿಲ್ಲರಿ,
ಮೆಟ್ಟಲಾ ಎಡವಿದರ ಮೆಟ್ಟಲಕ್ಕ 'ಕ್ಷಮಿಸ್ರಿ'.
ಳ ಮಾತ್ರ ಬರತಿರಲಿಲ್ಲ.
ಜ್ವಾಳ, ಪಾಳಿ, ಬ್ಯಾಳಿ, ಎಲ್ಲಾದರಾಗೂ ನಾಲಿಗಿ ಜಾರತಿತ್ತು.

ಮಧ್ಯಾಹ್ನ ಕ್ಲಾಸು ಬಿಟ್ಟು ನನ್ನ ಗಿರಣಿಗೆ ಬಂದು
ಡಬ್ಬಿ ಸಾಲಿನ ಬಾಜೂಕ ಕುಂದ್ರೂಳು, ತೊಡಿ ಮ್ಯಾಲೆ ವಹಿ.
ಗಿರಣಿಯೊಳಗ ಮಾತಂದ್ರ ಒದರೂದು.
ಪಟ್ಟಾ ತಿರುಗೂ ಸಪ್ಪಳದಾಗ
ವಿಭಕ್ತಿ ಪ್ರತ್ಯಯ ಯಾರಿಗೂ ಕೇಳಸೂದಿಲ್ಲ,
ಬರೇ ಅರ್ಧ ಮಾತು, ಹುಬ್ಬು, ಗದ್ದ, ಎತ್ತಿದ ಬಟ್ಟು.
'ರೊಟ್ಟಿಗೇನ್ರಿ?' 'ಹಾಂ, ಸಣ್ಣಗ ಬೀಸ್ರಿ!'
'ಉಂಡಿಗೆ?' 'ತರಿ ತರಿ!'
ನುಚ್ಚು ಬ್ಯಾರೆ, ತರಿ ಬ್ಯಾರೆ, ರವಾ ಬ್ಯಾರೆ,
ಎಲ್ಲಾ ಬರಕೊಂಡಳು, ನಡುವ ಗೆರಿ ಹೊಡದು,
ಆ ಕಡೆ ಅವರ ಅಕ್ಷರ, ಈ ಕಡೆ ನಮ್ಮವು.
'ಇರವಲ್ದ್ಯಾಕ' ಅನ್ನೂದಕ್ಕ ಒಂದು ಪೂರ್ತಿ ಹಾಳಿ ಕೊಟ್ಟು
ಕಡೀಕ ಪ್ರಶ್ನಿ ಚಿಹ್ನಿ ಹಾಕಿದಳು.

ದೀಪಾವಳಿ ಮುಂದ ಒಂದಿನ ಅತ್ತಳು.
'ಇಲ್ಲಿ ನಾನು ಐದು ವರ್ಷದ ಕೂಸು,' ಅಂದಳು,
'ನನ್ನ ಭಾಷೆಯಲ್ಲಿ ಚೇಷ್ಟೆ ಮಾಡುತ್ತೇನೆ, ಜಗಳ ಆಡುತ್ತೇನೆ, ಸುಳ್ಳು ಹೇಳುತ್ತೇನೆ.
ಇಲ್ಲಿ ನಾನು ಬರೀ ಒಳ್ಳೆಯ ಹುಡುಗಿ.'
ಇದಕ್ಕ ಏನ ಹೇಳಬೇಕು?
ಗಿರಮಿಟ್ ಕಲಸಿ ಕೊಟ್ಟೆ.

ಯಾವಾಗ ಆತೋ ಗೊತ್ತಿಲ್ಲ.
ಶಿವರಾತ್ರಿ ಹಿಂದಮುಂದ, ಮಂದಿ ಗಿಜಿಗಿಜಿ,
ಫಕ್ಕನ ಕರೆಂಟ್ ಹೋತು.
ಗಿರಣಿ ಬಾಯಿ ಮುಚ್ಚಿದ ಗಳಿಗ್ಯಾಗ
ಎಲ್ಲಾರ ಬಾಯೀನೂ ಮುಚ್ಚಿತು, ಒಂದ ದನಿ ಉಳೀತು:
'ಪಾಳಿ ನಂದೈತಿ! ಡಬ್ಬಿ ಇಟ್ಟು ಚಾ ಕುಡ್ಯಾಕ ಹೋದ್ರ
ಪಾಳಿ ನಿಮ್ಮನ್ನ ಕಾಕೋತ ಕುಂದ್ರತೈತೇನ್ರಿ?'
ಎರಡೂ ಳ, ಕಲ್ಲಿನಂಗ ಗಟ್ಟಿ.
ದಾವಲಸಾಬ ತನ್ನ ಡಬ್ಬಿ ಸುಮ್ಮನ ಹಿಂದಕ್ಕ ಸರಿಸಿದ.
ಅಕಿ ಮಾರಿ ಕೆಂಪಗಾತು, ಹಿಟ್ಟಿನ ಕೆಳಗೂ ಕಂಡಿತು.

ಆಮ್ಯಾಲೆ ಒಂದು ಶನಿವಾರ
ನನ್ನ ಸೆರಗು ಪಟ್ಟಾದ ಕಡೆ ಹಾರಿದ್ದು ನನಗ ಕಾಣಲಿಲ್ಲ.
'ಸರಿ! ಏ, ಹಿಂದ ಸರಿ!'
ರಟ್ಟಿ ಹಿಡದು ಜಗ್ಗಿದಳು,
ನಾ ಗೋದಿ ಚೀಲದ ಮ್ಯಾಲೆ ಬಿದ್ದೆ.
ಸೆರಗು ಗೇಣುದ್ದ ಹೋಗಿತ್ತು. ನಾ ಇದ್ದೆ.
ಸಂಜೀಕ ಚಾ ಬಸಿಯೂವಾಗ ಸಣ್ಣ ದನೀಲೆ ಅಂದಳು:
'ರೀ ಹಚ್ಚೂದು ಮರತೆ, ತಪ್ಪ ತಿಳಕೋಬ್ಯಾಡ್ರಿ.'
ಅವತ್ತಿನಿಂದ ನಾ ಅಕೀಗೆ 'ನೀವು' ಅನ್ನೂದು ಬಿಟ್ಟೆ.

ಆಗಸ್ಟಿನ್ಯಾಗ ಹೋದಳು.
ಖೋಲಿ ಕಸ ಹೊಡಿಯೂವಾಗ ಮಂಚದ ಕೆಳಗ ವಹಿ ಸಿಕ್ತು.
ಮೊದಲಿನ ಹಾಳಿ ಅಂಚಿನ ತನಕ ತುಂಬ್ಯಾವು.
ಡಿಸೆಂಬರಕ್ಕ ಹಾಳಿಗೆ ನಾಕು ಮಾತು.
ಫೆಬ್ರುವರಿಗೆ ಒಂದ, ಅದೂ ಒಂದು ಬೈಗಳ.
ಮುಂದ ಎಲ್ಲಾ ಖಾಲಿ.

ಫೋನ್ ಹಚ್ಚಿ ಕೇಳಿದೆ: ವಹಿ ಕಳಸ್ಲೇನವಾ?
ಆ ಕಡೆ ಟ್ರಾಮೋ ಏನೋ, ಗಡಗಡ.
ಅದರ ಮ್ಯಾಲೆ ಒದರಿದಳು:
'ಇರವಲ್ದ್ಯಾಕ ಬಿಡಽ ಅಕ್ಕಾ!'

ಹಾಳಿ ಹಾಳ ಮಾಡೂದ್ಯಾಕ?
ಈಗ ಉದ್ರಿ ಅದರಾಗ ಬರೀತೀನಿ:
ದಾವಲಸಾಬ, ಗೋದಿ ಐದು ಕಿಲೋ,
ಸಣ್ಣಗ. ಬಾಕಿ.