ಆದಪ್ಪ ಮಾವನ ದಾಸ್ತಾನು

ಹಟ್ಟಿಯ ಗಣಿಯಲ್ಲಿ ಮೂವತ್ತೊಂದು ವರ್ಷ
ನೆಲದೊಳಗೆ ಇಳಿದು ಹತ್ತಿ ಬಂದ ನಮ್ಮ ಆದಪ್ಪ ಮಾವನ
ಮನೆಯಲ್ಲಿ ಗುಲಗಂಜಿ ತೂಕ ಬಂಗಾರವಿಲ್ಲ.
ಅತ್ತೆಯ ತಾಳಿಯಲ್ಲಿ ಎರಡು ಗುಂಡು, ಅಷ್ಟೇ.
ಗಳಿಸಿದ್ದೆಲ್ಲ ಹಿಂದಿನ ಕೋಣೆಯಲ್ಲಿದೆ:

ಉಪ್ಪು, ಆರು ಚೀಲ.
ಕಡ್ಡಿಪೆಟ್ಟಿಗೆ, ಮೇಣದಲ್ಲಿ ಅದ್ದಿ ಒಣಗಿಸಿದ್ದು
(ಮದ್ದು ಹಸಿಯಾಗಬಾರದು, ಇದು ಕೆಳಗೆ ಕಲಿತ ಬುದ್ಧಿ).
ಸೂಜಿ, ಎಣ್ಣೆ ಸವರಿದ ಅರಿವೆಯಲ್ಲಿ ಸುತ್ತಿ
ಹಾಲಿನ ಪುಡಿಯ ಡಬ್ಬಿಯೊಳಗೆ.
ನೂಲುಂಡೆ, ಸೋಪು, ಬ್ಯಾಟರಿ, ಸೈಕಲ್ ಟ್ಯೂಬು,
ಮೊಳೆ, ಎರಡಿಂಚಿನವು ನಾಲ್ಕಿಂಚಿನವು ಬೇರೆ ಬೇರೆ.
ಲಾಟೀನಿನ ಬತ್ತಿ ಒಂದು ಸುರುಳಿ; ಲಾಟೀನು ಮಾತ್ರ ಇಲ್ಲ.
ಕೇಳಿದರೆ ಗೋಡೆ ತೋರಿಸಿ "ಪಟ್ಟಿಯಾಗ ಐತಿ" ಅನ್ನುತ್ತಾನೆ.

ಅದೇ ಕೋಣೆಯ ನೆಲದಲ್ಲಿ ಅವನಜ್ಜನ ಕಾಲದ ಹಗೇವು.
ಜೋಳ ನುಂಗುತ್ತಿದ್ದ ಆ ಬಾಯಿ
ಈಗ ಹಗ್ಗ, ತಾಡಪಾಲು, ತಗಡು ನುಂಗಿ ಕೂತಿದೆ.
ತಳದಲ್ಲಿ ಏನಿದೆಯೋ, ಅತ್ತೆಗೂ ಹೇಳಿಲ್ಲ.
ಬಾಯಿ ತೆಗೆದು ಒಂದು ದಿನ ಗಾಳಿಗೆ ಬಿಟ್ಟು,
ದೀಪ ಇಳಿಸಿ ಆರದೇ ಇದ್ದರೆ ಮಾತ್ರ
ಅವನು ಇಳಿಯುತ್ತಾನೆ.

"ರೊಕ್ಕ ಒಂದಿನ ಕಾಗದ ಆಗತೈತಿ.
ಆಗಿತ್ತಲ್ಲ, ರಾತ್ರಿ ಎಂಟಕ್ಕ, ಟಿವಿಯಾಗ?
ಅವತ್ತ ನಿಮ್ಮತ್ತಿ ಸಾಸಿವಿ ಡಬ್ಯಾಗಿಂದ
ಹನ್ನೊಂದು ಸಾವಿರ ತಗದ್ಲು, ನನಗ ಗೊತ್ತಿಲ್ಲದ್ದು.
ಉಪ್ಪಿಗೆ ಯಾರರ ಹಂಗ ಅಂದಾರೇನು,
ನಾಳಿಂದ ನೀ ಉಪ್ಪಲ್ಲ ಅಂತ?"

ನಾನು ನಗುತ್ತಿದ್ದೆ.
ಲಿಂಗಸುಗೂರಿನಲ್ಲಿ ಬಂಗಾರದ ಮೇಲೆ ಸಾಲ ಕೊಡುವ
ಕಂಪನಿಯ ಕೌಂಟರಿನ ಹಿಂದೆ ಕೂರುವವಳು,
ನಗದೆ ಏನು ಮಾಡಲಿ?
ಮಾವ ಅಗೆದದ್ದನ್ನು ನಾನು ತೂಗುತ್ತೇನೆ ಎಂದು
ಮದುವೆ ಮನೆಗಳಲ್ಲಿ ಹೇಳಿಕೊಳ್ಳುತ್ತಿದ್ದೆ.

ಅವನಿಗೆ ಕಾಣುವ ಕುಸಿತ ದೊಡ್ಡದು:
ಬ್ಯಾಂಕಿನ ಬಾಗಿಲಿಗೆ ಅಗಳಿ, ಲಾರಿಯಿಲ್ಲದ ರಸ್ತೆ,
ಸಂತೆಯಲ್ಲಿ ಒಂದು ಸೂಜಿಗೆ ಒಂದು ಕೋಳಿ.
ಮೇಲಿನ ಬಂಡೆ ಬೀಳುವ ಮುಂಚೆ
ಆಸರೆಯ ಕಟ್ಟಿಗೆ ಕಿರುಗುಟ್ಟುತ್ತದಂತೆ;
ಆ ಸದ್ದು ಅವನಿಗೆ ರೇಡಿಯೋದ ವಾರ್ತೆಯಲ್ಲಿ ಕೇಳುತ್ತದೆ.

ನನಗೆ ಕಂಡದ್ದು ಸಣ್ಣದು.
ಹನ್ನೊಂದರ ಬಿಸಿಲು ಕೌಂಟರಿನ ಗಾಜು ಮುಟ್ಟುವ ಹೊತ್ತಿಗೆ
ಒಬ್ಬೊಬ್ಬರೇ ಬರುತ್ತಾರೆ.
ಬೋರಮಾಳದ ಕೊಕ್ಕೆ ಕೈಗೆ ಸಿಗದೆ
ನನ್ನ ಕಡೆ ಬೆನ್ನು ತಿರುಗಿಸಿ, "ತಂಗಿ, ಚೂರು ಬಿಚ್ಚು" ಅನ್ನುತ್ತಾರೆ.
ಬೆವರಿಗೆ ಅಂಟಿದ ಕೊಕ್ಕೆ.
ಅರಗು ಕಳೆದು, ಹರಳು ಕಳೆದು, ನಿವ್ವಳ ಬರೆಯುತ್ತೇನೆ.
ಹೊರಗೆ ಮುದಗಲ್ಲಿನ ಬಸ್ಸು ಎಂದಿನಂತೆ
ಹಾರ್ನು ಹೊಡೆಯುತ್ತ ಹೋಗುತ್ತದೆ.
ದೇಶ ಬಿದ್ದಿಲ್ಲ. ಆ ಮನೆ ಬಿದ್ದಿದೆ.
ನಾಳೆ ಅದರ ಪಕ್ಕದ್ದೂ ಅಲ್ಲ, ಎರಡು ಓಣಿ ಆಚೆಯದು.

ಇದನ್ನು ಹೇಳಬೇಕೆಂದು ಮಾವನಲ್ಲಿ ಹೋದೆ.
ಆ ಸಲದ ಜಿಟಿಜಿಟಿಗೆ ಕೋಣೆಯ ಗೋಡೆ ಬೆವೆತು
ಆರೂ ಚೀಲ ಉಪ್ಪು ಕಲ್ಲಾಗಿ ಕೂತಿತ್ತು.
ಬ್ಯಾಟರಿಗಳು ಹಸಿರು ಕಾರಿಕೊಂಡಿದ್ದವು.
ಇಲಿಗಳು ಸೋಪು ತಿಂದಿದ್ದವು, ಪ್ರತಿಯೊಂದರಲ್ಲೂ ಅರ್ಧ,
ಪಾಲು ಹಚ್ಚಿದ ಹಾಗೆ.
ಅತ್ತೆ ಬಾಗಿಲಲ್ಲಿ ನಿಂತಿದ್ದಳು, ಏನೂ ಅನ್ನಲಿಲ್ಲ.
ಅಂದಿದ್ದರೆ ವಾಸಿಯಿತ್ತು.

ಮಾವ ಅಟ್ಟದಿಂದ ಹಳೆಯ ಸುತ್ತಿಗೆ, ಚಾಣ ಇಳಿಸಿದ.
ತಲೆಗೆ ಅರಿವೆ ಸುತ್ತಿ ಕುಕ್ಕರಗಾಲಲ್ಲಿ ಕೂತ.
ಚೀಲ ಸೀಳಿ, ಬಿಳಿ ಬಂಡೆಯನ್ನು ಒಮ್ಮೆ ತಟ್ಟಿ,
ಕಿವಿಗೊಟ್ಟು, ಎಳೆ ಇರುವಲ್ಲಿಯೇ ಚಾಣ ಇಟ್ಟ.
ಎರಡೇ ಏಟು.

"ಅಲ್ಲಿ ಲಾರಿಗಟ್ಲೆ ಒಡದರ ಒಂದು ಉಂಗರ, ತಂಗೆವ್ವ.
ಉಳದದ್ದು ಬೂದಿ ಗುಡ್ಡ."
ಒಂದು ಚೂರು ನಾಲಗೆಗೆ ಮುಟ್ಟಿಸಿಕೊಂಡ.
"ಇದರಾಗ ಕಲ್ಲ ಇಲ್ಲ ನೋಡು. ಎಲ್ಲಾ ಮಾಲು."

ಮೊರ ನನ್ನ ಕಡೆ ತಳ್ಳಿ, "ತೂಗು" ಅಂದ.
ತಕ್ಕಡಿ ಎಲ್ಲಿದೆ ಮಾವಾ, ಅಂದೆ.
ಸುತ್ತ ನೋಡಿದ. ಎದ್ದ.
ಗೋಡೆಯ ಪಟ್ಟಿಯಲ್ಲಿ, ಲಾಟೀನಿನ ಕೆಳಗೆ,
ಸೀಸದ ತುದಿಯನ್ನು ಉಗುಳಿಗೆ ತಾಗಿಸಿ
ಬರೆಯತೊಡಗಿದ.